ದಿಂಡೋರಿಯ ಅಂಗಳದಲ್ಲೊಂದು ಗೊಂದಲದ ರಾತ್ರಿ

‘ಗೊಂದಲ’ ಎಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವುದು ಗಡಿಬಿಡಿ, ಕೋಲಾಹಲ, ಮನಸ್ಸಿನ ಕಲಮಲ. ಮರಾಠಿಯ ‘ಗೋಂಧಳ’ಕ್ಕೂ ಇದೇ ಅರ್ಥವುಂಟು. ಆದರೆ ಎರಡೂ ಭಾಷೆಗಳಲ್ಲಿ ಈ ಶಬ್ದಕ್ಕೆ ಇನ್ನೊಂದು ಅರ್ಥವಿರುವುದನ್ನು ಪಟ್ಟಣವಾಸಿಗಳಾದ ನಾವು ಬಹುಮಟ್ಟಿಗೆ ಮರೆತಿದ್ದೇವೆ. ಮನೆಯಲ್ಲಿ ಮದುವೆಯೋ ಮುಂಜಿಯೋ ಆದ ಮೇಲೆ ಕುಲದೇವಿಯ ಹೆಸರಿನಲ್ಲಿ ಅಂಗಳದಲ್ಲಿ ರಾತ್ರಿಯಿಡೀ ನಡೆಯುವ ಹಾಡು, ಕುಣಿತ, ಕಥೆ, ಮಾತುಗಳ ಸೇವೆಯೇ ಗೊಂದಲ. ಅದನ್ನು ನಡೆಸುವವರು ಗೊಂದಲಿಗರು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಮನೆತನಗಳಲ್ಲಿ ‘ಗೊಂದಲ ಹಾಕಿಸಬೇಕು’ ಎಂಬ ಮಾತು ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ.

ನಮ್ಮ ಮನೆಯಲ್ಲಿ ಆ ಮಾತು ಉಳಿದದ್ದು ಅವ್ವನ ಬಾಯಲ್ಲಿ ಮಾತ್ರ. ನಾಸಿಕದಲ್ಲಿ ನೆಲೆಸಿ ಮೂವತ್ತು ವರ್ಷ ಮೀರಿದ ನಾನು ಮಗನ ಮದುವೆಯನ್ನು ಒಂದು ಮಂಗಲ ಕಾರ್ಯಾಲಯದಲ್ಲಿ ಬೆಳಗಿನಿಂದ ಸಂಜೆಯೊಳಗೆ ಮುಗಿಸಿದ್ದೆ. ಗೊಂದಲಕ್ಕೆ ಎಡೆಯಿರಲಿಲ್ಲ. ‘ಆಮೇಲೆ ನೋಡೋಣ’ ಎಂದವನು ಎರಡು ವರ್ಷ ನೋಡಲಿಲ್ಲ. ಅವ್ವ ಜಗಳವಾಡುವ ಸ್ವಭಾವದವಳಲ್ಲ. ಪ್ರತಿ ಮಂಗಳವಾರ ದೇವರ ಮುಂದೆ ದೀಪ ಹಚ್ಚುವಾಗ ನನಗೆ ಕೇಳಿಸುವಷ್ಟೇ ಧ್ವನಿಯಲ್ಲಿ ಎಲ್ಲವ್ವನ ಕ್ಷಮೆ ಬೇಡುತ್ತಿದ್ದಳು. ಜಗಳಕ್ಕಿಂತ ಇದು ಹೆಚ್ಚು ಚುಚ್ಚುತ್ತದೆ ಎಂಬುದನ್ನು ಓದುಗರು ಬಲ್ಲರು.

ಹೀಗಿರುವಾಗ ಕಳೆದ ಮೇ ತಿಂಗಳಲ್ಲಿ ದಿಂಡೋರಿ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರ ಮಿತ್ರರೊಬ್ಬರು ತಮ್ಮ ಮನೆಯ ಗೊಂದಲಕ್ಕೆ ಕರೆದರು. ದಿಂಡೋರಿ ನಾಸಿಕದಿಂದ ಸುಮಾರು 25 ಕಿ.ಮೀ. ದೂರ. ಅಲ್ಲಿಂದ ಉತ್ತರಕ್ಕೆ ವಣಿ, ಅದರಾಚೆ ಸಪ್ತಶೃಂಗಿಯ ಬೆಟ್ಟ. ಮಹಾರಾಷ್ಟ್ರದ ‘ಮೂರೂವರೆ ಶಕ್ತಿಪೀಠ’ಗಳೆಂದರೆ ಕೊಲ್ಲಾಪುರದ ಅಂಬಾಬಾಯಿ, ತುಳಜಾಪುರದ ಭವಾನಿ, ಮಾಹೂರಿನ ರೇಣುಕೆ, ಉಳಿದ ಅರ್ಧ ಪೀಠ ಈ ಸಪ್ತಶೃಂಗಿ. ಹದಿನೆಂಟು ಕೈಗಳ ಆ ದೇವಿಯನ್ನು ‘ಅರ್ಧ’ ಎಂದು ಎಣಿಸಿದ್ದೇಕೆಂದು ಅವ್ವ ದಾರಿಯುದ್ದಕ್ಕೂ ಕೇಳುತ್ತಿದ್ದಳು.

ನಾವು ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ‘ಚೌಕ’ ಸಿದ್ಧವಾಗಿತ್ತು. ಮಣೆಯ ಮೇಲೆ ಹೊಸ ಖಣ, ಅದರ ಮೇಲೆ ಅಕ್ಕಿಯ ರಾಶಿ, ರಾಶಿಯ ಮೇಲೆ ಕಲಶ, ವೀಳ್ಯದೆಲೆ, ತೆಂಗಿನಕಾಯಿ. ಕಬ್ಬಿನ ಜಲ್ಲೆಗಳನ್ನು ನಿಲ್ಲಿಸಿ ಮೇಲೆ ಒಟ್ಟುಗೂಡಿಸಿ ಕಟ್ಟಿದ ಮಂಟಪ. ಪಕ್ಕದಲ್ಲಿ ಎಣ್ಣೆಯ ದೀವಟಿಗೆ. ಮೇಳದ ನಾಯಕ ಉದ್ದನೆಯ ನಿಲುವಂಗಿ ತೊಟ್ಟು, ಕೊರಳಿಗೆ ಕವಡೆಯ ಸರ ಧರಿಸಿ, ಹಣೆ ತುಂಬ ಕುಂಕುಮವಿಟ್ಟುಕೊಂಡಿದ್ದ. ವಾದ್ಯಗಳು ಮೂರೇ. ಜೋಡಿ ಮದ್ದಲೆಯಂಥ ಸಂಬಾಳ, ಒಂದೇ ತಂತಿಯ ತುಂತುಣಿ, ಕೈತಾಳ. ಸಂಬಾಳವನ್ನು ಎರಡು ಕೋಲುಗಳಿಂದ ನುಡಿಸುತ್ತಾರೆ. ಒಂದು ಕೋಲಿನ ತುದಿ ಬಾಗಿರುತ್ತದೆ. ಆ ಬಾಗಿದ ಕೋಲಿನ ಪೆಟ್ಟಿನಲ್ಲಿ ಹೊರಡುವ ಗುಂಯ್‌ಗುಡುವ ನಾದ ಎದೆಯೊಳಗೆ ಕೇಳಿಸುತ್ತದೆ. ಧ್ವನಿವರ್ಧಕ ಅದಕ್ಕೆ ಬೇಕಾಗಿಯೇ ಇರಲಿಲ್ಲ, ಆದರೂ ಇಟ್ಟಿದ್ದರು.

ತುಂತುಣಿಗೊಂದು ಕಥೆಯಿದೆ. ಪರಶುರಾಮನು ಬೇಟಾಸುರನೆಂಬ ದೈತ್ಯನನ್ನು ಕೊಂದು, ಅವನ ತಲೆಗೆ ಅವನದೇ ನರವನ್ನು ತಂತಿಯಾಗಿ ಬಿಗಿದು ತಾಯಿ ರೇಣುಕೆಯ ಮುಂದೆ ನುಡಿಸಿದನಂತೆ. ಸವದತ್ತಿಯ ಎಲ್ಲಮ್ಮನೂ ಮಾಹೂರಿನ ರೇಣುಕೆಯೂ ಒಬ್ಬಳೇ ಎಂದು ನಂಬುವ ನಮ್ಮವರಿಗೆ ಇದು ಪರಸ್ಥಳದ ಕಥೆಯಲ್ಲ. ಗೊಂದಲಿಗರಲ್ಲಿ ರೇಣುಕೆಯನ್ನು ನಂಬಿದ ‘ರೇಣುರಾಯಿ’, ತುಳಜಾಭವಾನಿಯನ್ನು ನಂಬಿದ ‘ಕದಮರಾಯಿ’ ಎಂಬ ಎರಡು ಶಾಖೆಗಳಿವೆ. ಕದಮರಾಯಿ ಎಂಬ ಹೆಸರಿನಲ್ಲಿ ಕದಂಬರ ಹೆಸರು ಕೇಳಿಸುವುದು ಕನ್ನಡ ಕಿವಿಯ ಚಾಪಲ್ಯವಿರಬಹುದು. ಕಿವಿಗೆ ಕೇಳಿದ್ದೆಲ್ಲ ಇತಿಹಾಸವಾಗದು.

ಆದರೆ ಇತಿಹಾಸದಲ್ಲಿಯೂ ಒಂದು ಕನ್ನಡದ ಎಳೆ ಇದೆ. 13ನೇ ಶತಮಾನದಲ್ಲಿ ಕಾಕತೀಯರ ಸೇನಾನಿ ಜಾಯಪನು ರಚಿಸಿದ ‘ನೃತ್ತರತ್ನಾವಳಿ’ಯಲ್ಲಿ ‘ಗೊಂಡಲಿ’ ಎಂಬ ನೃತ್ಯದ ಪ್ರಸ್ತಾಪ ಬರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಸೋಮೇಶ್ವರನು ಉತ್ಸವವೊಂದರಲ್ಲಿ ಭಿಲ್ಲ ಹೆಂಗಸಿನ ವೇಷದ ನರ್ತಕಿಯ ಕುಣಿತವನ್ನು ಕಂಡು ಮೆಚ್ಚಿ ಅದಕ್ಕೊಂದು ಕ್ರಮವನ್ನು ಕೊಟ್ಟನೆಂದು ಅಲ್ಲಿ ಹೇಳಿದೆ. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಅದೇ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಇದನ್ನು ‘ಗೌಂಡಲಿ’ ಎಂದು ವಿವರಿಸಿದ್ದಾನೆ. ದೇವಗಿರಿಯೆಂದರೆ ಛತ್ರಪತಿ ಸಂಭಾಜಿನಗರದ ಸಮೀಪದ ದೌಲತಾಬಾದ್. ಈ ನೃತ್ಯಕ್ಕೂ ಇಂದಿನ ಗೊಂದಲಕ್ಕೂ ನಂಟು ಕಲ್ಪಿಸಿದ ವಿದ್ವಾಂಸರಲ್ಲಿ ಮರಾಠಿಯ ರಾ. ಚಿಂ. ಢೇರೆಯವರು ಪ್ರಮುಖರು. ಅರಮನೆಯಲ್ಲಿ ಹೆಣ್ಣು ಕುಣಿದದ್ದು ರೈತನ ಅಂಗಳದಲ್ಲಿ ಗಂಡಸರ ಸೇವೆಯಾದದ್ದು ಹೇಗೆಂಬುದು ನನಗಂತೂ ಬಿಡಿಸಲಾಗದ ಒಗಟು. ಹೆಸರು ಪಯಣಿಸಿದೆ ಎಂಬಷ್ಟನ್ನು ಒಪ್ಪಬಹುದು.

ಗೊಂದಲ ಮೊದಲಾಗುವುದು ಕರೆಯುವುದರಿಂದ. ನಾಯಕನು ಊರೂರಿನ ದೇವತೆಗಳನ್ನು ಹೆಸರು ಹಿಡಿದು, ಊರು ಹಿಡಿದು ಈ ಮನೆಯ ಗೊಂದಲಕ್ಕೆ ಬರಬೇಕೆಂದು ಹಾಡಿನಲ್ಲಿ ಆಹ್ವಾನಿಸುತ್ತಾನೆ. ತುಳಜಾಪುರ, ಕೊಲ್ಲಾಪುರ, ಮಾಹೂರು, ಜೇಜುರಿಯ ಖಂಡೋಬಾ, ಪಂಢರಪುರದ ವಿಠೋಬಾ, ಕೊನೆಗೆ ಊರ ಹನುಮಪ್ಪನವರೆಗೆ ಯಾರನ್ನೂ ಬಿಡುವಂತಿಲ್ಲ. ಮದುವೆಯ ಕರೆಯೋಲೆಯಲ್ಲಿ ಒಂದು ಹೆಸರು ತಪ್ಪಿದರೆ ಏನಾಗುತ್ತದೆಂಬುದು ಸಂಸಾರವಂದಿಗರಿಗೆ ಗೊತ್ತು. ನಾಯಕ ಪಟ್ಟಿ ಮುಗಿಸುವ ಹಂತದಲ್ಲಿದ್ದಾಗ ನನ್ನ ಪಕ್ಕದಲ್ಲಿ ಕುಳಿತಿದ್ದ ಅವ್ವ ಇದ್ದಕ್ಕಿದ್ದಂತೆ ಕನ್ನಡದಲ್ಲಿಯೇ, “ಸವದತ್ತಿ ಎಲ್ಲವ್ವನ್ನ ಕರಿಯಪಾ, ಆಕಿನ್ನ ಬಿಟ್ಟೀದಿ” ಎಂದಳು. ಸಭೆ ತಿರುಗಿ ನೋಡಿತು. ನನಗೆ ಮುಜುಗರವಾಯಿತು. ನಾಯಕ ಮಾತ್ರ ಒಂದು ಕ್ಷಣವೂ ತಡೆಯದೆ, ಆಜಿಯ ಊರಿನ ದೇವಿಯೂ ಬರಲಿ ಎಂದು ಸವದತ್ತಿಯನ್ನು ಹಾಡಿನ ತಾಳಕ್ಕೆ ಸೇರಿಸಿಯೇಬಿಟ್ಟ.

ಗೊಂದಲದ ನಿಜವಾದ ಶಕ್ತಿ ಇರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಪೂರ್ವರಂಗದ ಆಹ್ವಾನ ಮುಗಿದ ಮೇಲೆ ಉತ್ತರರಂಗದಲ್ಲಿ ದೇವಿಯದೋ ಪುರಾಣದ್ದೋ ಒಂದು ಆಖ್ಯಾನ ನಡೆಯುತ್ತದೆ. ಅದು ಎಲ್ಲರಿಗೂ ತಿಳಿದ ಕಥೆ. ತಿಳಿಯದಿರುವುದು ನಡುನಡುವೆ ಬರುವ ಮಾತು. ನಾಯಕ ಗಂಭೀರವಾಗಿ ಹಾಡಿ ನಿಲ್ಲಿಸುತ್ತಾನೆ. ಹಿಮ್ಮೇಳದವನು ಏನೂ ಅರಿಯದವನಂತೆ ಪ್ರಶ್ನೆ ಹಾಕುತ್ತಾನೆ. ಯಕ್ಷಗಾನದ ಭಾಗವತರನ್ನೂ ಹಾಸ್ಯಗಾರರನ್ನೂ ಕಂಡ ಕರಾವಳಿಯ ಓದುಗರಿಗೆ ಈ ಜೋಡಿ ಅಪರಿಚಿತವೆನಿಸದು. ದೇವಿಗೆ ವಾಟ್ಸಾಪಿನಲ್ಲಿ ಕರೆಯೋಲೆ ಕಳಿಸಿದ್ದರೆ ಎರಡು ನೀಲಿ ಗೆರೆ ಬಂದವೋ ಇಲ್ಲವೋ ಎಂದು ಆ ರಾತ್ರಿ ಅವನು ಕೇಳಿದ. ಆಮೇಲೆ ಸೀರೆಯ ಸೆರಗಿನಂತೆ ಶಲ್ಯ ಹೊದ್ದು ಅತ್ತೆಯಾದ. ಸೊಸೆ ಎಷ್ಟು ಹೊತ್ತಿಗೆ ಏಳುತ್ತಾಳೆಂಬ ವಿಚಾರಣೆ ನಡೆಯಿತು. ಹೊಸ ಸೊಸೆ ನಕ್ಕಳು. ನಿಜವಾದ ಅತ್ತೆ ಮೊದಲು ಅವಳ ಮುಖ ನೋಡಿ, ಆಮೇಲೆ ತಾನೂ ನಕ್ಕಳು.

ನಡುರಾತ್ರಿ ದಾಟಿದ ಮೇಲೆ ಅವನು ಕೇಳಿದ ಪ್ರಶ್ನೆ ಬೇರೆಯದು. ತೋಟದ ಮೇಲೆ ಆಲಿಕಲ್ಲು ಬಿದ್ದಾಗ ದೇವಿ ಎಲ್ಲಿದ್ದಳು? ನಾಯಕ ತುಂತುಣಿಯನ್ನು ಒಮ್ಮೆ ಮಿಡಿದು, ಅವಳೂ ನಮ್ಮ ಜೊತೆ ಪಂಚನಾಮೆಗೆ ಕಾಯುತ್ತಿದ್ದಳು ಎಂದ. ಜನ ಗೊಳ್ಳೆಂದರು. ಮನೆಯ ಯಜಮಾನರು ನಗಲಿಲ್ಲ. ವಿಜಯಪುರದ ಕಡೆ ದ್ರಾಕ್ಷಿ ಮಾಡುವ ನಮ್ಮ ಬಂಧುಗಳನ್ನು ನಾನು ಬಲ್ಲೆ. ಏಪ್ರಿಲ್‌ನಲ್ಲೊಂದು ಚಾಟ್ನಿ, ಅಕ್ಟೋಬರಿನಲ್ಲೊಂದು ಚಾಟ್ನಿ, ನಡುವೆ ಔಷಧಿ, ಕೂಲಿ, ಬ್ಯಾಂಕಿನ ಕಂತು. ಎಲ್ಲ ಸರಿಯಾಗಿ ಕಾಯಿ ಹಿಡಿದ ಹೊತ್ತಿಗೆ ಅರ್ಧ ಗಂಟೆಯ ಅಕಾಲಿಕ ಮಳೆ ಸಾಕು. ನಾಯಕ ಮುಂದೆ ಏನನ್ನೂ ಹೇಳದೆ ಹಾಡಿಗೆ ಮರಳಿದ. ಯಜಮಾನರು ಸ್ವಲ್ಪ ಹೊತ್ತಿನ ಮೇಲೆ ಎದ್ದುಹೋಗಿ ದೀವಟಿಗೆಗೆ ಎಣ್ಣೆ ಎರೆದು ಬಂದರು. ಹಿಂದಿನ ವರ್ಷದ ನಷ್ಟದ ಮಾತನ್ನು ಅವರು ನನ್ನೊಡನೆ ಎಂದೂ ಆಡಿರಲಿಲ್ಲ.

ಸಂಸಾರದ ಮಾತನ್ನು ದೇವರ ಹಾಡಿನೊಳಗೆ ಬೆಸೆಯುವ ಈ ಪದ್ಧತಿ ಗೊಂದಲಿಗರದೊಂದೇ ಅಲ್ಲ. ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ 16ನೇ ಶತಮಾನದಲ್ಲಿ ಬಾಳಿದ ಸಂತ ಏಕನಾಥರು ತಮ್ಮ ಭಾರೂಡಗಳಲ್ಲಿ ಗೊಂದಲಿಗ, ಜೋಶಿ ಮೊದಲಾದ ಬೀದಿಯ ಪಾತ್ರಗಳನ್ನೇ ತಂದು ಅಧ್ಯಾತ್ಮವನ್ನು ನುಡಿಸಿದರು. ನಮ್ಮ ಶಿಶುನಾಳ ಶರೀಫರು (1819–1889) ಸೋರುವ ಮನೆಯನ್ನೂ ಸಂತೆಯ ಸರಕನ್ನೂ ಹಾಡಾಗಿಸಿದರು. ವ್ಯತ್ಯಾಸವಿಷ್ಟೆ: ಅವು ಬರಹದಲ್ಲಿ ಉಳಿದವು. ಗೊಂದಲಿಗನ ಮಾತು ಆ ರಾತ್ರಿಯ ಆ ಮನೆಗೆ ಸೇರಿದ್ದು, ಬೆಳಗಾದರೆ ಇಲ್ಲ.

ಆದುದರಿಂದಲೇ ಅದು ಸೊರಗುವುದೂ ಬೇಗ. ಮದುವೆಗಳು ಅಂಗಳದಿಂದ ಬಾಡಿಗೆಯ ಸಭಾಗೃಹಕ್ಕೆ ಹೋದವು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಸಲ್ಲದು. ನಿಯಮ ಸರಿಯಾದದ್ದೇ, ನಿದ್ರೆ ಎಲ್ಲರಿಗೂ ಬೇಕು. ಆದರೆ ರಾತ್ರಿಯಿಡೀ ನಡೆಯುತ್ತಿದ್ದ ಗೊಂದಲ ಪಟ್ಟಣಗಳಲ್ಲಿ ಎರಡು ಗಂಟೆಗೆ ಇಳಿಯಿತು. ಹೀಗೆ ಕತ್ತರಿಸುವಾಗ ಮೊದಲು ಹೋಗುವುದು ಮಾತು. ಉಳಿಯುವುದು ಸಂಬಾಳದ ಅಬ್ಬರ ಮತ್ತು ಆರತಿ. ಹೊಸ ತಲೆಮಾರಿಗೆ ದೇವಿಯ ಹಾಡೆಂದರೆ 2009ರ ‘ಜೋಗವಾ’ ಚಲನಚಿತ್ರಕ್ಕೆ ಅಜಯ್-ಅತುಲ್ ನೀಡಿದ ಸಂಗೀತ. ಅದು ಸೊಗಸಾಗಿಯೇ ಇದೆ, ಆದರೆ ಅದು ನಮ್ಮ ಮನೆಯ ಹೆಸರನ್ನು ಹೇಳಲಾರದು.

ಕಲಾವಿದರಿಗೆ ಮನ್ನಣೆ ಸಿಕ್ಕಿಲ್ಲವೆಂದಲ್ಲ. ಬಾಗಲಕೋಟೆಯ ಹಿರಿಯ ಗೊಂದಲಿ ಗಾಯಕ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಅನೇಕರಿಗೆ ಶುಲ್ಕವಿಲ್ಲದೆ ಈ ವಿದ್ಯೆ ಕಲಿಸಿದವರು ಅವರು. ಪ್ರಶಸ್ತಿಯ ಸುದ್ದಿ ಓದಿ ಹೆಮ್ಮೆಪಟ್ಟ ನಾವು ಎಷ್ಟು ಮಂದಿ ಮನೆಗೆ ಗೊಂದಲಿಗರನ್ನು ಕರೆದೆವು? ಅಲೆಮಾರಿ ಸಮುದಾಯವೊಂದು ತಲೆಯಿಂದ ತಲೆಗೆ ಬಾಯಿಪಾಠದಲ್ಲಿ ಕಾಪಾಡಿಕೊಂಡು ಬಂದ ವಿದ್ಯೆಗೆ ವೇದಿಕೆಯ ಸನ್ಮಾನಕ್ಕಿಂತ ಅಂಗಳದ ವೀಳ್ಯ ಮುಖ್ಯ. ಈ ಪ್ರಶ್ನೆ ಮೊದಲು ನನಗೇ ತಗಲುತ್ತದೆ.

ಬೆಳಗಿನ ಜಾವ ಆರತಿಯಾಗಿ ನಾವು ಹೊರಟಾಗ ಅವ್ವ ಕಾರಿನಲ್ಲಿ ಕೇಳಿದ್ದು ಒಂದೇ ಮಾತು: “ನಮ್ಮನ್ಯಾಗ ಯಾವಾಗ?”

ನಮ್ಮ ವಸತಿ ಸಂಕೀರ್ಣದ ಸಮಿತಿಯವರು ಕೆಳಗಿನ ಸಭಾಂಗಣವನ್ನು ರಾತ್ರಿ ಹತ್ತರವರೆಗೆ ಕೊಡಲು ಒಪ್ಪಿದ್ದಾರೆ. ನಾಯಕನಿಗೆ ದೂರವಾಣಿ ಮಾಡಿದೆ. ನವರಾತ್ರಿಯಲ್ಲಿ ಅವನಿಗೆ ಬಿಡುವಿಲ್ಲ. ದಸರೆಯ ನಂತರದ ಮಂಗಳವಾರ ನಿಶ್ಚಯವಾಯಿತು. ಎರಡೂವರೆ ಗಂಟೆಯಲ್ಲಿ ಎಲ್ಲವೂ ಆಗದು, ಯಾವುದನ್ನು ಬಿಡಲಿ ಎಂದು ಅವನು ಕೇಳಿದ. ನಾನು ಅವ್ವನ ಕಡೆ ನೋಡಿದೆ.

“ಕಥಿ ನನಗ ಗೊತ್ತೈತಿ, ಅದನ್ನ ಬೇಕಾದ್ರ ಬಿಡಂತ ಹೇಳು. ಮಾತು ಬಿಡಬ್ಯಾಡಂತ ಹೇಳು” ಎಂದಳು.