ಶೀಲವಾಚಕ ಶಬ್ದಗಳೂ ಸ್ವಭಾವಮಾಪನವೂ

ಮನುಷ್ಯಸ್ವಭಾವದ ಮಾಪನವೆಂಬುದು ಆಧುನಿಕ ಮನಶ್ಶಾಸ್ತ್ರದ ಒಂದು ಪ್ರಧಾನವಾದ ಅಂಗ. ಈ ವಿಷಯಕ್ಕೂ ಸಾಹಿತ್ಯವ್ಯಾಸಂಗಕ್ಕೂ ಏನು ಸಂಬಂಧವೆಂದು ವಾಚಕರು ಶಂಕಿಸಬಹುದು. ಆದರೆ ಈ ಮಾಪನಕ್ಕೆ ಉಪಯೋಗಿಸುವ ಮುಖ್ಯಸಾಧನವು ರೂಪುಗೊಂಡುದು ನಿಘಂಟಿನ ಪುಟಗಳಿಂದ. ಆದಕಾರಣ ಅದರ ಗುಣದೋಷಗಳನ್ನು ವಿಚಾರಮಾಡುವ ಅಧಿಕಾರವೂ ಹೊಣೆಯೂ ಭಾಷಾಜ್ಞರಿಗೂ ಸಲ್ಲತಕ್ಕದ್ದೆಂಬುದನ್ನು ಪ್ರತಿಪಾದಿಸುವುದೇ ಈ ಲೇಖನದ ಉದ್ದೇಶ.

ಮೊದಲು ಶೀಲವೆಂದರೇನೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಒಬ್ಬನ ನಡೆ, ಭಾವನೆ, ಆಲೋಚನೆಗಳಲ್ಲಿ ಬಹುಕಾಲ ನೆಲೆನಿಂತು, ನಾನಾ ಸನ್ನಿವೇಶಗಳಲ್ಲಿ ಮರಳಿ ಮರಳಿ ತೋರಿಕೊಳ್ಳುವ ಒಲವನ್ನೇ ಮನಶ್ಶಾಸ್ತ್ರಜ್ಞರು ಶೀಲವೆಂದು ಕರೆಯುವರು. ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಈ ಅರ್ಥ ಹೊಸದಲ್ಲ. ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ಪಾಣಿನಿಯು ಕೆಲವು ಪ್ರತ್ಯಯಗಳನ್ನು ತಾಚ್ಛೀಲ್ಯಾರ್ಥದಲ್ಲಿ ವಿಧಿಸಿರುವನು. ಉಷ್ಣಭೋಜಿಯೆಂದರೆ ಇಂದು ಬಿಸಿಯಾದ ಅನ್ನವನ್ನುಂಡವನಲ್ಲ. ಬಿಸಿಯನ್ನೇ ಉಣ್ಣುವ ರೂಢಿಯುಳ್ಳವನು. ಅದೇ ಪ್ರಕರಣದಲ್ಲಿ ತಚ್ಛೀಲ, ತದ್ಧರ್ಮ, ತತ್ಸಾಧುಕಾರಿ ಎಂಬ ಮೂರು ವಿಧದ ಕರ್ತೃಗಳನ್ನು ಎಣಿಸಿದೆ. ಫಲವನ್ನಪೇಕ್ಷಿಸದೆ ಸ್ವಭಾವದಿಂದಲೇ ಮಾಡುವವನು ಮೊದಲನೆಯವನು. ಸ್ವಭಾವವಿಲ್ಲದಿದ್ದರೂ ತನ್ನ ಧರ್ಮವೆಂದು ಮಾಡುವವನು ಎರಡನೆಯವನು. ಆ ಕೆಲಸವನ್ನು ಚೆನ್ನಾಗಿ ಮಾಡಬಲ್ಲವನು ಮೂರನೆಯವನು. ಇದರಿಂದ ಪಾಣಿನಿಯು ಮನಶ್ಶಾಸ್ತ್ರವನ್ನು ರಚಿಸಿದನೆನ್ನುವುದು ಅತ್ಯುಕ್ತಿಯಾದೀತು. ಆದರೂ ಈ ವಿವೇಕವು ಮುಂದಿನ ವಿಚಾರಕ್ಕೆ ಬಹಳ ಉಪಕಾರಿ.

ಜನರು ಪರಸ್ಪರ ವ್ಯವಹಾರದಲ್ಲಿ ಮುಖ್ಯವೆಂದು ಕಂಡುಕೊಂಡ ಸ್ವಭಾವಭೇದಗಳೆಲ್ಲವೂ ಕಾಲಕ್ರಮದಲ್ಲಿ ಭಾಷೆಯಲ್ಲಿ ಶಬ್ದಗಳಾಗಿ ನೆಲಸುವುವೆಂಬುದು ಈ ಮಾರ್ಗದ ಮೂಲತತ್ತ್ವ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ನನು ೧೮೮೪ರಲ್ಲಿ ರೋಜೆಯ ಪರ್ಯಾಯಪದಕೋಶವನ್ನು ಪರಿಶೀಲಿಸಿ, ಸ್ವಭಾವವನ್ನು ಸೂಚಿಸುವ ಪದಗಳು ಒಂದು ಸಾವಿರವಾದರೂ ಇರುವುವೆಂದು ಅಂದಾಜುಮಾಡಿದನು. ೧೯೩೬ರಲ್ಲಿ ಅಮೆರಿಕಾದ ಗಾರ್ಡನ್ ಆಲ್‌ಪೋರ್ಟ್, ಹೆನ್ರಿ ಓಡ್‌ಬರ್ಟ್ ಎಂಬಿಬ್ಬರು ವೆಬ್‌ಸ್ಟರ್ ನಿಘಂಟನ್ನು ಶೋಧಿಸಿ ೧೭,೯೫೩ ಪದಗಳನ್ನು ಸಂಗ್ರಹಿಸಿದರು. ಅವನ್ನು ನಾಲ್ಕು ಗಣಗಳಾಗಿ ವಿಂಗಡಿಸಿದರು. ಸ್ಥಿರಶೀಲವನ್ನು ಹೇಳುವುವು ೪,೫೦೪. ತಾತ್ಕಾಲಿಕವಾದ ಮನೋವಸ್ಥೆಗಳನ್ನು ಹೇಳುವುವು ೪,೫೪೧. ಹೇಳುವವನ ಮೆಚ್ಚಿಕೆ ಅಥವಾ ನಿಂದೆಯನ್ನೇ ಪ್ರಧಾನವಾಗಿ ತೋರುವುವು ೫,೨೨೬. ದೇಹಲಕ್ಷಣ, ಸಾಮರ್ಥ್ಯ ಮೊದಲಾದ ಉಳಿದುವು ೩,೬೮೨. ‘ಸಿಟ್ಟಾಗಿರುವವನು’ ಎಂಬುದಕ್ಕೂ ‘ಮುಂಗೋಪಿ’ ಎಂಬುದಕ್ಕೂ ‘ಅಯೋಗ್ಯ’ ಎಂಬುದಕ್ಕೂ ಇರುವ ಅಂತರವನ್ನು ನೆನೆದರೆ ಮೊದಲ ಮೂರು ಗಣಗಳ ಸ್ವರೂಪ ತಿಳಿಯುವುದು. ಮೊದಲನೆಯ ಗಣವು ನಮ್ಮ ತಾಚ್ಛೀಲ್ಯಕ್ಕೆ ಸಮೀಪವರ್ತಿ.

ಇಷ್ಟು ಪದಗಳನ್ನು ಹಿಡಿದು ಅಳೆಯುವುದು ಹೇಗೆ? ಪ್ರತಿಯೊಂದು ಪದವೂ ವಾಕ್ಯವೂ ತನಗೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು, ಸಾಮಾನ್ಯವಾಗಿ ೧ರಿಂದ ೫ರವರೆಗಿನ ಅಂಕಗಳಿಂದ, ಪರೀಕ್ಷ್ಯನು ಗುರುತಿಸುವನು; ಅವನನ್ನು ಬಲ್ಲವರಿಂದಲೂ ಹೀಗೆಯೇ ಗುರುತು ಮಾಡಿಸುವುದುಂಟು. ನೂರಾರು ಜನರ ಅಂಕಗಳು ದೊರೆತ ಬಳಿಕ, ಒಂದು ಪದಕ್ಕೆ ಹೆಚ್ಚು ಅಂಕವಿತ್ತವರು ಮತ್ತೊಂದಕ್ಕೂ ಹೆಚ್ಚು ಕೊಡುವರೇ ಎಂದು ಗಣಿಸುವರು. ಇದೇ ಸಹಸಂಬಂಧಾಂಕ, ಇದು −೧ರಿಂದ +೧ರವರೆಗೆ ವ್ಯಾಪಿಸಿರುವುದು. ಒಟ್ಟೊಟ್ಟಿಗೆ ಏರಿಳಿಯುವ ಪದಗಳ ಹಿಂದೆ ಒಂದು ಸಾಮಾನ್ಯವಾದ ಅಂಶವಿರುವುದೆಂದು ಊಹಿಸಿ ಅದನ್ನು ಬೇರ್ಪಡಿಸುವ ಗಣಿತವೇ ಅಂಶವಿಶ್ಲೇಷಣೆ. ಇದರ ಮೂಲವು ೧೯೦೪ರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನನು ಬುದ್ಧಿಶಕ್ತಿಯ ವಿಚಾರವಾಗಿ ಮಾಡಿದ ಗಣನೆಯಲ್ಲಿದೆ. ರೇಮಂಡ್ ಕ್ಯಾಟೆಲ್ಲನು ೧೯೪೩ರಲ್ಲಿ ಆಲ್‌ಪೋರ್ಟನ ಪಟ್ಟಿಯನ್ನು ಮೊದಲು ೧೭೧ಕ್ಕೂ ಕೊನೆಗೆ ೩೫ಕ್ಕೂ ಇಳಿಸಿದನು. ೧೯೬೧ರಲ್ಲಿ ಟ್ಯೂಪ್ಸ್, ಕ್ರಿಸ್ಟಲ್ ಎಂಬುವರು ಹಲವು ಸಮೂಹಗಳ ಅಂಕಗಳನ್ನು ಪರಿಶೀಲಿಸಿ ಐದು ಅಂಶಗಳು ಮತ್ತೆ ಮತ್ತೆ ತೋರುವುದನ್ನು ಕಂಡರು. ಬಹಿರ್ಮುಖತೆ, ಸೌಹಾರ್ದ, ಕರ್ತವ್ಯನಿಷ್ಠೆ, ಉದ್ವೇಗಶೀಲತೆ, ನವಾನುಭವೋನ್ಮುಖತೆ ಎಂದು ಇಂದು ಪ್ರಸಿದ್ಧವಾಗಿರುವ ಪಂಚಕವು ಇವುಗಳಿಂದಲೇ ಬೆಳೆದುಬಂದುದು. ಕೋಸ್ಟಾ, ಮೆಕ್ರೇ ಎಂಬ ವಿದ್ವಾಂಸರು ೧೯೯೨ರಲ್ಲಿ ಪರಿಷ್ಕರಿಸಿದ ಪ್ರಶ್ನಾವಳಿಯಲ್ಲಿ ಒಂದೊಂದಕ್ಕೆ ಆರರಂತೆ ೩೦ ಉಪಶೀಲಗಳೂ ೨೪೦ ವಾಕ್ಯಗಳೂ ಇರುವುವು.

ಹೀಗೆ ದೊರೆತ ಅಂಕವು ಸೇರಿನಲ್ಲಿ ಅಳೆದ ಅಕ್ಕಿಯಂತಲ್ಲ. ಶೂನ್ಯಬಹಿರ್ಮುಖತೆಯೆಂಬುದೊಂದಿಲ್ಲ, ಉಳಿದವರೊಡನೆ ಹೋಲಿಸಿದಾಗಲೇ ಅಂಕಕ್ಕೆ ಅರ್ಥ ಬರುವುದು. ಪ್ರಚಲಿತವಾದ ಒಂದು ಕ್ರಮದಲ್ಲಿ ಸಮೂಹದ ಸರಾಸರಿಯನ್ನು ೫೦ ಎಂದೂ ಮಾನಕ ವಿಚಲನೆಯನ್ನು ೧೦ ಎಂದೂ ಇಟ್ಟುಕೊಳ್ಳುವರು. ಅಂಕಗಳು ಸಾಮಾನ್ಯರೀತಿಯಲ್ಲಿ ಹಂಚಿಕೊಂಡಿದ್ದರೆ, ೬೦ ಪಡೆದವನು ನೂರರಲ್ಲಿ ಸುಮಾರು ೮೪ ಮಂದಿಗಿಂತ ಮೇಲಿರುವನೆಂದಷ್ಟೇ ತಾತ್ಪರ್ಯ. ಹೋಲಿಕೆಯ ಸಮೂಹವು ಬೇರೆಯಾದರೆ ಅಂಕವೂ ಬೇರೆಯಾಗುವುದು.

ಈ ಪದ್ಧತಿಗೆ ಆಕ್ಷೇಪಗಳೂ ಬಂದಿವೆ. ೧೯೬೮ರಲ್ಲಿ ವಾಲ್ಟರ್ ಮಿಶೆಲ್ಲನು, ಪ್ರಶ್ನಾವಳಿಯಿಂದ ತಿಳಿದ ಶೀಲಕ್ಕೂ ಒಂದು ಗೊತ್ತಾದ ಸನ್ನಿವೇಶದ ನಡತೆಗೂ ಇರುವ ಸಂಬಂಧಾಂಕವು ೦.೩೦ನ್ನು ದಾಟುವುದು ಅಪರೂಪವೆಂದು ತೋರಿಸಿದನು. ಇದಕ್ಕೆ ೧೯೭೯ರಲ್ಲಿ ಸೀಮೋರ್ ಎಪ್‌ಸ್ಟೈನನು ಕೊಟ್ಟ ಸಮಾಧಾನವೇನೆಂದರೆ, ಅನೇಕ ದಿನಗಳ ನಡತೆಯನ್ನು ಕೂಡಿಸಿ ಸರಾಸರಿ ತೆಗೆದರೆ ಶೀಲದ ಸ್ಥಿರತೆ ಸ್ಪಷ್ಟವಾಗುವುದೆಂಬುದು. ಒಂದು ಊಟದಿಂದ ಯಾರೂ ಉಷ್ಣಭೋಜಿಯಾಗರಷ್ಟೆ! ಆದರೆ ಮತ್ತೊಂದು ತೊಡಕು ಉಳಿದೇ ಇದೆ. ‘ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವೆನು’ ಎಂಬ ವಾಕ್ಯಕ್ಕೆ ೫ ಎಂದು ಗುರುತಿಟ್ಟವನು ತಚ್ಛೀಲನೋ ತದ್ಧರ್ಮನೋ? ಅಂಕವೊಂದರಿಂದಲೇ ಇದನ್ನು ತಿಳಿಯಲಾಗದು. ಉದ್ಯೋಗದ ಆಯ್ಕೆಗಾಗಿ ಪ್ರಶ್ನಿಸಿದಲ್ಲಿ, ಪ್ರಶಂಸೆಯನ್ನು ಬಯಸಿ ಗುರುತಿಟ್ಟ ಮೂರನೆಯವನೊಬ್ಬನೂ ಬಂದು ಸೇರುವನು.

ಭಾಷೆಯಿಂದ ಹುಟ್ಟಿದ ಸಾಧನವು ಭಾಷೆ ಬದಲಾದರೆ ಹಾಗೆಯೇ ಉಳಿಯುವುದೇ? ಆಷ್ಟನ್, ಲೀ ಮೊದಲಾದವರು ೨೦೦೪ರಲ್ಲಿ ಡಚ್, ಫ್ರೆಂಚ್, ಜರ್ಮನ್, ಹಂಗೇರಿಯನ್, ಇಟಾಲಿಯನ್, ಕೊರಿಯನ್, ಪೋಲಿಷ್ ಎಂಬ ಏಳು ಭಾಷೆಗಳ ಪದಸಂಶೋಧನೆಗಳನ್ನು ಕೂಡಿಸಿ ನೋಡಿ, ಪ್ರಾಮಾಣಿಕತೆ ಮತ್ತು ವಿನಯಗಳ ಆರನೆಯ ಅಂಶವೊಂದನ್ನು ಪ್ರತಿಪಾದಿಸಿದರು. ಬೊಲಿವಿಯಾದೇಶದ ತ್ಸಿಮಾನೆ ಜನರಲ್ಲಿ ಅನುವಾದಿತ ಪ್ರಶ್ನಾವಳಿಯಿಂದ ನಡೆದು ೨೦೧೩ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಆ ಐದು ಅಂಶಗಳು ದೃಢವಾಗಿ ಕಾಣಲಿಲ್ಲ. ಅದೇ ವರ್ಷ ಸಿಂಗ್, ಗಿರೀಶ್ವರ ಮಿಶ್ರ, ಡಿ ರಾಡ್ ಎಂಬುವರು ನಿಘಂಟಿನಿಂದಲೂ ಕಾದಂಬರಿಗಳಿಂದಲೂ ಹಿಂದೀ ಪದಗಳನ್ನು ಆಯ್ದು ವಿಶ್ಲೇಷಿಸಿ, ದೊರೆತ ಮೂರು ಅಂಶಗಳಿಗೆ ರಾಜಸ, ಸಾತ್ತ್ವಿಕ, ತಾಮಸ ಎಂದು ಹೆಸರಿಟ್ಟರು. ಇದನ್ನು ಕೇಳಿ ಸಾಂಖ್ಯರ ತ್ರಿಗುಣವಾದವು ಗಣಿತದಿಂದ ಸಿದ್ಧವಾಯಿತೆಂದು ಹಿಗ್ಗುವುದು ಸಲ್ಲದು. ಅಂಶಗಳನ್ನು ಬೇರ್ಪಡಿಸುವುದು ಗಣಿತ, ಹೆಸರಿಡುವವರು ಮನುಷ್ಯರು. ಶತಮಾನಗಳಿಂದ ಆ ಗುಣವಿಭಾಗವನ್ನು ಬಲ್ಲ ಜನರ ಮಾತಿನಲ್ಲಿ ಅದರ ಛಾಯೆಯಿರುವುದೂ ಸಹಜವೇ.

ಇನ್ನು ಕನ್ನಡದ ವಿಚಾರ. ‘ದಾಕ್ಷಿಣ್ಯ’ವೆಂಬ ಒಂದು ಶಬ್ದವನ್ನು ತೆಗೆದುಕೊಳ್ಳೋಣ. ಸಂಸ್ಕೃತದಲ್ಲಿ ಇದು ಕೌಶಲವನ್ನೂ ಸೌಜನ್ಯವನ್ನೂ ಹೇಳುವುದು. ಕನ್ನಡಿಗನು ‘ದಾಕ್ಷಿಣ್ಯಕ್ಕೆ ಕಟ್ಟುಬಿದ್ದೆ’ನೆಂದಾಗ ಎದುರಿನವನ ಮುಖ ನೋಡಿ ಇಲ್ಲವೆನ್ನಲಾರದ ಮನಸ್ಸು ಅಲ್ಲಿ ಕಾಣುವುದು. ಇದು ಸೌಹಾರ್ದವೋ, ಅಳುಕೋ, ಧರ್ಮಬುದ್ಧಿಯೋ? ಪಂಚಕದ ಯಾವ ಮನೆಯಲ್ಲಿ ಇದನ್ನು ಕೂರಿಸಬೇಕು? ಇಂಗ್ಲಿಷಿನ ಪ್ರಶ್ನೆಗಳನ್ನು ಅನುವಾದಿಸಿದ ಮಾತ್ರದಿಂದ ಈ ಪ್ರಶ್ನೆ ಏಳುವುದೇ ಇಲ್ಲ. ಕೇಳದುದು ಅಳತೆಗೆ ಸಿಕ್ಕದು. ಮತ್ತೊಂದು ಸೂಕ್ಷ್ಮವುಂಟು. ಜಗಳಗಂಟ, ಅಳುಬುರುಕ, ತಿಂಡಿಪೋತ, ಹಟಮಾರಿ ಎಂಬಂತಹ ಆಡುಮಾತಿನ ಶೀಲವಾಚಕಗಳಲ್ಲಿ ನಿಂದೆಯು ಬೆರೆತಿದೆ. ದಯಾಳು, ಕ್ಷಮಾಶೀಲ ಮೊದಲಾದ ತತ್ಸಮಗಳಲ್ಲಿ ಗೌರವವು ಬೆರೆತಿದೆ. ತನ್ನನ್ನು ಭಾವುಕನೆಂದು ಒಪ್ಪುವವನು ಅಳುಬುರುಕನೆಂದು ಒಪ್ಪಲಾರನು. ಪದದ ಅಂತಸ್ತನ್ನರಿಯದೆ ಪಟ್ಟಿಮಾಡಿದರೆ ಶೀಲಕ್ಕೆ ಬದಲಾಗಿ ಶಬ್ದದ ಮರ್ಯಾದೆಯನ್ನೇ ಅಳೆದಂತಾಗುವುದು.

ಕಿಟ್ಟೆಲರ ೧೮೯೪ರ ಕೋಶವೂ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ನಮ್ಮ ಕೈಯಲ್ಲಿವೆ. ಇವುಗಳಿಂದಲೂ ಕಾವ್ಯ, ಕಾದಂಬರಿ, ಗಾದೆ, ಪ್ರಾಂತಭಾಷೆಗಳಿಂದಲೂ ಶೀಲವಾಚಕಗಳನ್ನು ಆಯ್ದು, ಸ್ಥಿರ, ತಾತ್ಕಾಲಿಕ, ನಿಂದಾಸ್ತುತಿಪರ ಎಂದು ವಿಂಗಡಿಸಿ, ಪ್ರತಿಯೊಂದರ ಅರ್ಥಚ್ಛಾಯೆಯನ್ನು ನಿರ್ಣಯಿಸುವುದು ಪಂಡಿತರ ಕೆಲಸ. ಅಂಕಗಳನ್ನು ಕೂಡಿಸಿ ಅಂಶಗಳನ್ನು ಬಿಡಿಸುವುದು ಮನಶ್ಶಾಸ್ತ್ರಜ್ಞರ ಕೆಲಸ. ಮೊದಲನೆಯದು ನಡೆಯದೆ ಎರಡನೆಯದು ಮಾತ್ರ ನಡೆದರೆ, ಪರರು ಹೊಲಿಸಿಕೊಂಡ ಅಂಗಿಯ ಅಳತೆಯಿಂದ ನಮ್ಮ ಮೈಯನ್ನು ತಿಳಿದಂತಾಗುವುದು. ಈ ಪದಸಂಗ್ರಹವನ್ನು ಕೈಗೊಳ್ಳಲು ಸಾಹಿತ್ಯಾಧ್ಯಾಪಕರು ಮನಸ್ಸುಮಾಡಬೇಕೆಂದು ಬಿನ್ನೈಸುತ್ತೇನೆ.