ಟ್ರ್ಯಾಕ್ಟರಿನ ನಾಜಲ್ ಒತ್ತಡ: ಏರಿಸಿದರೆ ಶಕ್ತಿ ಹೆಚ್ಚುವುದೇ?

ಶಿಗ್ಗಾಂವ ತಾಲೂಕಿನಲ್ಲಿ ಮುಂಗಾರು ಮಳೆ ಹದವಾಗಿ ಬಿದ್ದಿತೆಂದರೆ ಗೋವಿನ ಜೋಳ, ಸೋಯಾ ಅವರೆ, ಶೇಂಗಾ ಬಿತ್ತನೆಗೆ ಎಲ್ಲರಿಗೂ ಒಮ್ಮೆಲೇ ಅವಸರ. ಹದ ಆರುವುದರೊಳಗೆ ಬೀಜ ಭೂಮಿಗೆ ಬೀಳಬೇಕು. ಇಂಥ ಹೊತ್ತಿನಲ್ಲಿ ಟ್ರ್ಯಾಕ್ಟರು ಎಳೆಯಲಾರದೆ ಕಪ್ಪು ಹೊಗೆ ಉಗುಳಿದರೆ, ನಾಜಲ್ ಪ್ರೆಶರ್ ಏರಿಸಿರೆಂಬ ಸಲಹೆ ಬರುತ್ತದೆ. ಈ ಸಲಹೆ ಅರ್ಧ ಮಾತ್ರ ನಿಜ.

ಒತ್ತಡ ಏಕೆ ಬೇಕು?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಚ್ಚುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಗಾಳಿಯು ಒತ್ತಲ್ಪಟ್ಟು ಕಾಯುತ್ತದೆ; ಆ ಬಿಸಿ ಗಾಳಿಗೆ ಡೀಸೆಲ್ ಮಂಜಿನಂತೆ ಸಿಂಪಡಣೆಯಾದರೆ ತಾನಾಗಿ ಹೊತ್ತುತ್ತದೆ. ನಾಜಲ್ ಸೂಜಿಯ ಮೇಲಿನ ಸ್ಪ್ರಿಂಗನ್ನು ಎತ್ತುವಷ್ಟು ಒತ್ತಡ ಬಂದಾಗಲೇ ನಾಜಲ್ ತೆರೆಯುತ್ತದೆ. ಸಾಮಾನ್ಯ ಪಂಪಿನ ಹಲವು ಟ್ರ್ಯಾಕ್ಟರುಗಳಲ್ಲಿ ಇದು ಚದರ ಸೆಂ.ಮೀ.ಗೆ 175ರಿಂದ 250 ಕಿ.ಗ್ರಾಂ. ಇರುತ್ತದೆ. ಮುಂದಿನ ಗಾಲಿಯ ಗಾಳಿ ಸುಮಾರು 2 ಕಿ.ಗ್ರಾಂ. ಎಂಬುದನ್ನು ನೆನೆದರೆ ಇದರ ಪ್ರಮಾಣ ತಿಳಿಯುತ್ತದೆ.

ಬಳಸುತ್ತ ಹೋದಂತೆ ಸ್ಪ್ರಿಂಗ್ ಸಡಿಲವಾಗಿ ಒತ್ತಡ ಇಳಿಯುತ್ತದೆ. ಆಗ ಡೀಸೆಲ್ ದಪ್ಪ ಹನಿಗಳಾಗಿ ಬಿದ್ದು ಪೂರ್ತಿ ಉರಿಯುವುದಿಲ್ಲ. ಹೊಗೆ ಹೆಚ್ಚುತ್ತದೆ, ಉರಿಯದ ಡೀಸೆಲ್ ಕೆಳಗಿಳಿದು ಎಂಜಿನ್ ಆಯಿಲನ್ನು ತೆಳುವಾಗಿಸುತ್ತದೆ. ಇಳಿದ ಒತ್ತಡವನ್ನು ಕಂಪನಿಯ ಕೈಪಿಡಿಯಲ್ಲಿರುವ ಅಂಕಿಗೆ ಏರಿಸುವುದು ಅಗತ್ಯ. ಸಲಹೆಯಲ್ಲಿ ನಿಜವಿರುವುದು ಇಷ್ಟೇ.

ಅಂಕಿ ಮೀರಿದರೆ?

ಎಷ್ಟು ಡೀಸೆಲ್ ಹೋಗಬೇಕೆಂಬುದನ್ನು ನಿರ್ಧರಿಸುವುದು ಪಂಪಿನ ಪ್ಲಂಜರ್, ನಾಜಲ್ ಅಲ್ಲ. ಆದ್ದರಿಂದ ನಾಜಲ್ ಒತ್ತಡವನ್ನು ಮಿತಿಮೀರಿ ಏರಿಸಿದರೆ ಡೀಸೆಲ್ ಹೆಚ್ಚು ಹೋಗುವುದಿಲ್ಲ. ಬದಲಾಗಿ ನಾಜಲ್ ತಡವಾಗಿ ತೆರೆಯುತ್ತದೆ. ಪಂಪು, ಪೈಪು, ಸೂಜಿಯ ಕೂರುವ ಜಾಗ ಇವುಗಳ ಮೇಲೆ ಭಾರ ಬೀಳುತ್ತದೆ. ಪಂಪಿನ ಸೀಲು ಒಡೆದು ಡೀಸೆಲ್ ಪ್ರಮಾಣವನ್ನೇ ಹೆಚ್ಚಿಸಿದರೂ ಅದಕ್ಕೆ ತಕ್ಕ ಗಾಳಿ ಸಿಗದೆ ಹಣ ಹೊಗೆಯಾಗಿ ಹೋಗುತ್ತದೆ, ಎಂಜಿನ್ ಕಾಯುತ್ತದೆ.

ಪೆಟ್ರೋಲ್ ಎಂಜಿನ್ನಿನ ಮಾತು ಬೇರೆ

ಕಾರ್ಬುರೇಟರಿನ ಜಾಗದಲ್ಲಿ, ಥ್ರಾಟಲಿನ ಮೇಲೆ ಇಂಜೆಕ್ಟರ್ ಕೂರಿಸಿದ ಪೆಟ್ರೋಲ್ ವಾಹನಗಳಲ್ಲಿ ಒತ್ತಡ ಸುಮಾರು 1 ಕಿ.ಗ್ರಾಂ. ಮಾತ್ರ. ಇಂಜೆಕ್ಟರ್ ನಿಗದಿತ ಕಾಲ ತೆರೆದಿರುವುದರಿಂದ ಒತ್ತಡ ಏರಿದರೆ ಪೆಟ್ರೋಲ್ ಹೆಚ್ಚು ಹರಿಯುತ್ತದೆ. ಆದರೆ ಅಲ್ಲಿಯೂ ಒತ್ತಡ 2 ಪಟ್ಟಾದರೆ ಹರಿವು ಸುಮಾರು 1.4 ಪಟ್ಟು, ಹರಿವು 2 ಪಟ್ಟಾಗಲು ಒತ್ತಡ 4 ಪಟ್ಟಾಗಬೇಕು. ಔಷಧಿ ಹೊಡೆಯುವ ಪಂಪಿನ ನಾಜಲಿಗೂ ಇದೇ ಲೆಕ್ಕ. ಈ ಲೆಕ್ಕವನ್ನು ಟ್ರ್ಯಾಕ್ಟರಿನ ಡೀಸೆಲ್ ನಾಜಲಿಗೆ ಹಚ್ಚಬಾರದು.

ಮೊದಲು ನೋಡಬೇಕಾದುದು

1. ಏರ್ ಫಿಲ್ಟರ್: ಗೋವಿನ ಜೋಳದ ಒಕ್ಕಣೆಯ ಧೂಳಿನಿಂದ ಬೇಗ ಕಟ್ಟಿಕೊಳ್ಳುತ್ತದೆ. ಕಪ್ಪು ಹೊಗೆ ಕಂಡರೆ ಮೊದಲು ಇದನ್ನೇ ನೋಡಬೇಕು.
2. ಡೀಸೆಲ್ ಫಿಲ್ಟರ್: ಕಟ್ಟಿಕೊಂಡರೆ ಅಥವಾ ಪೈಪಿನಲ್ಲಿ ಗಾಳಿ ಸೇರಿದರೆ ಎಂಜಿನ್ ಎಳೆಯುವುದಿಲ್ಲ.
3. ಭಾರ: ಹಸಿ ಎರೆ ಹೊಲದಲ್ಲಿ ರೋಟಾವೇಟರನ್ನು ಆಳಕ್ಕೆ ಬಿಟ್ಟು ಮೇಲಿನ ಗೇರಿನಲ್ಲಿ ಓಡಿಸಿದರೆ ಒಳ್ಳೆಯ ಎಂಜಿನ್ನೂ ಹೊಗೆಯಾಡುತ್ತದೆ.
4. ಹೊಗೆಯ ಬಣ್ಣ: ನೀಲಿ ಹೊಗೆ ಎಂಜಿನ್ ಆಯಿಲ್ ಸುಡುತ್ತಿರುವುದರ ಗುರುತು, ನಾಜಲ್ ಬಿಚ್ಚಿ ಪ್ರಯೋಜನವಿಲ್ಲ.

ಇವೆಲ್ಲ ಸರಿಯಿದ್ದರೂ ತೊಂದರೆ ಉಳಿದರೆ ಎಲ್ಲ ನಾಜಲುಗಳನ್ನೂ ಬಿಚ್ಚಿಸಿ, ಒತ್ತಡದ ಗಡಿಯಾರವಿರುವ ಯಂತ್ರದ ಮೇಲೆ ಪರೀಕ್ಷಿಸಿ, ಕೈಪಿಡಿಯ ಅಂಕಿಗೆ ಸಮನಾಗಿ ಕೂರಿಸಬೇಕು. ಅಂದಾಜಿನಿಂದ ತಿರುಪು ತಿರುಗಿಸುವುದು ಸಲ್ಲದು. 2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಬಿಗಿಯಾದ ಹೊಗೆ ನಿಯಮ ಬಂದಿದೆ. ಕಾಮನ್ ರೇಲ್ ವ್ಯವಸ್ಥೆಯುಳ್ಳ ಟ್ರ್ಯಾಕ್ಟರುಗಳಲ್ಲಿ ಒತ್ತಡ 1,000 ಕಿ.ಗ್ರಾಂ. ಮೀರುವುದುಂಟು, ಅದನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಅವುಗಳಿಗೆ ಸ್ಪಾನರ್ ಹಾಕಲೇಬಾರದು.

ಎಚ್ಚರಿಕೆ

ಸಿಂಪಡಣೆಯಾಗುತ್ತಿರುವ ನಾಜಲಿನ ಮುಂದೆ ಕೈ ಹಿಡಿಯಬಾರದು. ಸೋರುವ ಪೈಪನ್ನು ಬೆರಳಿನಿಂದ ಮುಟ್ಟಿ ನೋಡಬಾರದು. ಈ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿಮೊನೆಯಷ್ಟು ಕಂಡರೂ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ. ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ತಿಳಿಸಬೇಕು.

ನಾಜಲ್ ಪರೀಕ್ಷೆಯನ್ನು ಮೇ ತಿಂಗಳಲ್ಲಿಯೇ ಮುಗಿಸಿಕೊಂಡರೆ, ಹದ ಬಂದ ದಿನ ಟ್ರ್ಯಾಕ್ಟರು ಗ್ಯಾರೇಜಿನಲ್ಲಿರದೆ ಹೊಲದಲ್ಲಿರುತ್ತದೆ.