ಹಡಗು ಇಳಿದು ಟ್ಯಾಕ್ಸಿ ಹತ್ತಿ

ಮಕ್ಕಳೇ, ಮಳೆಗಾಲ ಕಳೆದ ಮೇಲೆ ಮಂಗಳೂರಿನ ಪಣಂಬೂರು ಬಂದರಿಗೆ ಬಹುಮಹಡಿ ಕಟ್ಟಡದಂಥ ಪ್ರವಾಸಿ ಹಡಗುಗಳು ಬರುತ್ತವೆ. ಇಳಿಯುವವರಲ್ಲಿ ನಿಮ್ಮ ಅಜ್ಜ-ಅಜ್ಜಿಯ ವಯಸ್ಸಿನವರೂ ಹಲವರು.

ಕಾಗದಪತ್ರಗಳ ತಪಾಸಣೆ ಮುಗಿಸಿ ಅವರು ಟ್ಯಾಕ್ಸಿ ಹತ್ತುತ್ತಾರೆ. ಊರು ಅಲ್ಲಿಂದ ಸುಮಾರು 10 ಕಿಲೋಮೀಟರ್. ಬಾಡಿಗೆ ಎಷ್ಟು ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಮಾತು: ‘ಹಡಗು ಹೊರಡುವುದು ಎಷ್ಟು ಗಂಟೆಗೆ?’ ಒಬ್ಬಿಬ್ಬರು ತಡಮಾಡಿದರೆಂದು ಹಡಗು ಕಾಯುವುದಿಲ್ಲ.

ಊರಲ್ಲಿ ನೋಡುವುದು ಬೇಕಾದಷ್ಟಿದೆ. ಕದ್ರಿ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದ. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಛಾವಣಿಯ ತುಂಬ ಚಿತ್ರಗಳು. ಬರೆದವರು ಇಟಲಿಯ ಆಂಟೋನಿಯೊ ಮೊಸ್ಕೆನಿ. ಅವರೂ ಸಮುದ್ರ ದಾಟಿ ಬಂದವರೇ!

ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯದು. ಮರಳುವ ದಾರಿಯಲ್ಲಿ ಕೂಳೂರು ಸೇತುವೆಯ ಬಳಿ ವಾಹನಗಳು ಸಾಲುಗಟ್ಟಿದರೆ ಎದೆ ಢವಢವ. ಅದಕ್ಕೇ ಒಂದು ಗಂಟೆ ಮುಂಚೆಯೇ ಗಾಡಿ ತಿರುಗಿಸುವುದು ಲೇಸು.

ನೀವೂ ಅಜ್ಜ-ಅಜ್ಜಿಯೊಡನೆ ಹಡಗಿನಲ್ಲಿ ಹೊರಟರೆ ಒಂದು ಕೆಲಸ ಮಾಡಿ. ಹಡಗಿನ ಹೆಸರು, ಬಂದರಿನ ಹೆಸರು, ಮರಳಬೇಕಾದ ಹೊತ್ತು, ಮೂರನ್ನೂ ಚೀಟಿಯಲ್ಲಿ ಬರೆದು ಅಜ್ಜಿಯ ಚೀಲದಲ್ಲಿಡಿ. ಇನ್ನೊಂದು ಚೀಟಿ ನಿಮ್ಮ ಜೇಬಿನಲ್ಲಿರಲಿ.